ಕಂಪೌಂಡರನ ಮನೆಯ ಆರು ನೇಮ

ಯಲ್ಲಾಪುರ, ೧ ಜನವರಿ ೧೯೩೬, ಬುಧವಾರ

ಬೆಳಿಗ್ಗೆ ಐದಕ್ಕೆ ಎದ್ದೆ. ಇನ್ನು ಮುಂದೆ ದಿನಾ ಐದಕ್ಕೇ ಏಳುವುದು. ಬರೆದಿಡುತ್ತಿರುವುದು ಯಾಕೆಂದರೆ, ನಾಳೆ ನನ್ನ ಸೋಮಾರಿತನ ನೆಪ ಹೇಳಿಕೊಂಡು ಬಂದರೆ ಅದರ ಮುಖಕ್ಕೆ ಹಿಡಿಯಲು ಏನಾದರೂ ಇರಬೇಕು.

ಹೋದ ತಿಂಗಳು ಶಿರಸಿಯಲ್ಲಿ ಸಭೆ ಕೂಡಿದಾಗ ಪಾದ್ರಿಗಳು ಹೇಳಿದ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ನೀವು ಭಾನುವಾರ ಒಂದು ದಿನ ಕ್ರೈಸ್ತರು, ಉಳಿದ ಆರು ದಿನ ಹೊಟ್ಟೆಯ ಭಕ್ತರು ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ನನ್ನ ಮಟ್ಟಿಗೆ ಅದು ನಿಜವಾಗಿತ್ತು.

ಊರು ಎಂಥದು ಎಂಬುದನ್ನೂ ಮರೆಯುವ ಹಾಗಿಲ್ಲ. ಈ ಚಳಿಜ್ವರದ ಸೀಮೆಯ ದವಾಖಾನೆಗೆ ವರ್ಗವಾಗಿ ಬಂದು ಏಳು ತಿಂಗಳಾಯಿತು. ನನಗಿಂತ ಮೊದಲಿದ್ದ ಕಂಪೌಂಡರ್ ಇದೇ ಮನೆಯಿಂದ ಹೆಂಡತಿಯನ್ನು ಮಣ್ಣಿಗೆ ಕಳಿಸಿ, ವರ್ಗ ಬೇಡಿಕೊಂಡು ಹೋದ. ನಾವು ಹಾವೇರಿಯಿಂದ ಹೊರಟಾಗ ಮಾವನವರು ಗಾಡಿಯ ಪಕ್ಕ ನಡೆಯುತ್ತ, "ಕಾಡಿಗೆ ಒಯ್ಯಾಕತ್ತೀರಿ ದಾನಿಯೇಲಪ್ಪ. ವರ್ಷಕ್ಕೊಮ್ಮೆ ಕರ್ಕೊಂಡು ಬಂದು ಅಕಿ ಮಕ ತೋರಸ್ರಿ, ನನಗ ಅಷ್ಟ ಸಾಕು" ಎಂದಿದ್ದರು. ಶಾಂತಾಳನ್ನು ಇಲ್ಲಿಯ ಮಣ್ಣಿಗೆ ಕೊಡುವುದಿಲ್ಲ ಎಂದು ಅವತ್ತೇ ಮನಸ್ಸಿನಲ್ಲಿ ಮಾತು ಕೊಟ್ಟಿದ್ದೇನೆ. ಅದಕ್ಕೆ ಬರಿಯ ಪ್ರಾರ್ಥನೆ ಸಾಲದು, ಬರಿಯ ಕ್ವಿನೈನೂ ಸಾಲದು. ಎರಡೂ ಮೈಗೆ ಹತ್ತಬೇಕು.

ಹಾಗಾಗಿ ಆರು ನೇಮ. ಐದಕ್ಕೆ ಎದ್ದು ಸತ್ಯವೇದದ ಪಾಠ ಮತ್ತು ಪ್ರಾರ್ಥನೆ. ಆಮೇಲೆ ಮೈಗೆ ಕೆಲಸ, ನನಗೆ ಮೂವತ್ತು ದಂಡ, ಅವಳಿಗೆ ಹಿತ್ತಲಲ್ಲಿ ಇಪ್ಪತ್ತು ಸುತ್ತು. ತಣ್ಣೀರ ಸ್ನಾನ. ತಿಂಡಿಯಾದ ಮೇಲೆ ಐದು ಗ್ರೇನು ಕ್ವಿನೈನ್, ನೀರಿನಲ್ಲಿ ಕದಡಿ, ಮುಖ ಕಿವುಚದೆ. ಎಲೆಅಡಿಕೆ, ಹೊಗೆಸೊಪ್ಪು, ಚಹಾ ಮನೆಯೊಳಗಿಲ್ಲ. ಶುಕ್ರವಾರ ದೀಪ ಹಚ್ಚುವವರೆಗೆ ಉಪವಾಸ. ಗೆರೆ ಎಳೆದು ಇಬ್ಬರಿಗೂ ಒಂದು ತಖ್ತೆ ಮಾಡಿ ಗೋಡೆಗೆ ಅಂಟಿಸಿದ್ದೇನೆ. ನಡೆಸಿದ ನೇಮಕ್ಕೆ ಸಂಜೆ ಒಂದೊಂದು ಶಿಲುಬೆಯ ಗುರುತು.

ಶಾಂತಾ ತಖ್ತೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. "ಇಷ್ಟೊಂದು ಶಿಲುಬಿ ಒಂದ ಕಡೆ ನಾನು ಗೋರಿ ಇದ್ದಲ್ಲಿ ಅಷ್ಟ ನೋಡೀನ್ರಿ" ಎಂದಳು. ನನಗೂ ನಗು ಬಂತು. ಬರಬಾರದಿತ್ತು.

೪ ಜನವರಿ, ಶನಿವಾರ

ನನ್ನ ಹೆಂಡತಿಯ ಪೂರ್ತಿ ಹೆಸರು ಗುರುಶಾಂತವ್ವ. ದೀಕ್ಷಾಸ್ನಾನದ ದಿನವೂ ಅವಳ ಅಪ್ಪ ಆ ಹೆಸರನ್ನು ಬದಲಿಸಗೊಡಲಿಲ್ಲವಂತೆ. ಇಪ್ಪತ್ತು ವರ್ಷ. ಬಾಯಿಗೆ ಸುಮ್ಮನಿರುವುದು ಗೊತ್ತಿಲ್ಲ. ನಮ್ಮ ಡಾಕ್ಟರರು ರೋಗಿಯ ನಾಲಿಗೆ ನೋಡುವಾಗ ತಾವೂ ನಾಲಿಗೆ ಹೊರಗೆ ಹಾಕುತ್ತಾರಲ್ಲ, ಅದನ್ನು ಇವಳು ಮಾಡಿ ತೋರಿಸಿದರೆ ಪಕ್ಕದ ಮನೆಯ ಬಿಸ್ಮಿಲ್ಲಾ ಬಿ ಗೋಡೆ ಹಿಡಿದುಕೊಂಡು ನಗುತ್ತಾಳೆ.

ಇವತ್ತು ಮಧ್ಯಾಹ್ನ ಮನೆಗೆ ಬಂದಾಗ ಇಬ್ಬರೂ ಹಿತ್ತಲ ಗೋಡೆಯ ಆಚೀಚೆ ನಿಂತಿದ್ದರು. ಶಾಂತಾಳ ಬಾಯಿ ಕೆಂಪಗಿತ್ತು. ಕೈಯಲ್ಲಿ ಕ್ವಿನೈನಿನ ಪೊಟ್ಟಣ ಬಿಚ್ಚಿಕೊಂಡು, ಪುಡಿಯನ್ನು ವೀಳ್ಯದೆಲೆಯ ಮೇಲೆ ಸುರಿದು ಮಡಚುತ್ತಿದ್ದಳು. ಕಳ್ಳಮಾಲು ಸಾಗಿಸುವ ಹಾಗೆ ಔಷಧಿ ನುಂಗುವುದು. ಇದು ಎಷ್ಟು ದಿನದಿಂದ ಎಂದು ಕೇಳಿದೆ.

"ಇಲ್ಲಿ ಬಂದಾಗಿಂದರಿ. ನೀರಾಗ ಕುಡದ್ರ ಹೊಟ್ಟಿ ತಿರುವಿ ಬರ್ತದ. ಎಲಿಯೊಳಗಾದ್ರ ಹೋಗಿದ್ದೂ ತಿಳಿಯೂದಿಲ್ಲ."

ತಿಳಿಯಬೇಕು, ಅದೇ ವಿಷಯ ಎಂದೆ. ಕಹಿಯನ್ನು ಕಹಿಯೆಂದು ತಿಳಿದು ಕುಡಿಯುವವನಿಗೆ ದೇಹವೂ ಗಟ್ಟಿ, ಮನಸ್ಸೂ ಗಟ್ಟಿ. ನಾನು ಕುಡಿಯುವುದಿಲ್ಲವೇ. ಅವಳ ಎಲೆಯ ಸಂಚಿಯನ್ನು ತೆಗೆದು ಬಿಸ್ಮಿಲ್ಲಾ ಬಿಯ ಕೈಗೇ ಕೊಟ್ಟೆ.

ಬಿಸ್ಮಿಲ್ಲಾ ಬಿ ಮೋಟಾರು ಓಡಿಸುವ ಗನಿಯ ಹೆಂಡತಿ, ನಾಲ್ಕು ಮಕ್ಕಳ ತಾಯಿ. ಯಾರಿಗೂ ಹೆದರುವವಳಲ್ಲ. "ಎಲಿ ಬಿಡಸ್ತೀರಿ, ಬಿಡಸ್ರಿ ಕಂಪೌಂಡರ್ ಸಾಬ್. ಆದ್ರ ಔಷಧ ಹೆಂಗ ನುಂಗ್ತಾಳ ಅನ್ನೂದು ನಿಂತು ನೋಡ್ರಿ" ಎಂದಳು. ಹೆಂಡತಿಯ ಮೇಲೆ ಪಹರೆ ಮಾಡಲು ನಾನು ಜೇಲಿನ ಜವಾನನಲ್ಲ. ಸತ್ಯ ಹೇಳುವುದೂ ಒಂದು ಅಭ್ಯಾಸವೇ, ಅದೂ ಬರಲಿ.

೧೨ ಜನವರಿ, ಭಾನುವಾರ

ನನ್ನ ಸಾಲಿನಲ್ಲಿ ಒಂದು ಗುರುತೂ ತಪ್ಪಿಲ್ಲ. ದಂಡ ನಲವತ್ತಕ್ಕೆ ಏರಿಸಿದ್ದೇನೆ. ಅಂಗಿಯ ತೋಳು ಬಿಗಿಯಾಗುತ್ತಿದೆ.

ಶಾಂತಾ ನಾಲ್ಕು ದಿನ ಔಷಧಿ ಕುಡಿದ ಕೂಡಲೇ ಕಕ್ಕಿದಳು. ನಾನು ಬೆನ್ನು ನೀವಿ, ನಾಳೆ ಕಡಿಮೆಯಾಗುತ್ತದೆ ಎಂದು ಹೇಳುತ್ತಿದ್ದೆ. ಗುರುವಾರದಿಂದ ನಿಂತುಹೋಗಿದೆ. ಈಗ ನಾನು ದವಾಖಾನೆಗೆ ಹೋದ ಮೇಲೆ ಒಬ್ಬಳೇ ತೆಗೆದುಕೊಳ್ಳುತ್ತಾಳೆ. ಸಂಜೆ ಕೇಳುತ್ತೇನೆ, "ತೊಗೊಂಡ್ಯಾ?" "ಹ್ಞೂಂರಿ." ಗುರುತು ಹಾಕುತ್ತೇನೆ. ಅಭ್ಯಾಸಕ್ಕೆ ಪಳಗದ ಹೊಟ್ಟೆಯಿಲ್ಲ.

೨೮ ಜನವರಿ, ಮಂಗಳವಾರ

ಇಡಗುಂದಿಗೆ ಹೋಗಿ ಬಂದೆ. ಕಾಡಿನ ಕೆಲಸದವರ ಬಿಡಾರದಲ್ಲಿ ಮೂರರಲ್ಲಿ ಒಬ್ಬರು ಕಂಬಳಿ ಹೊದ್ದು ನಡುಗುತ್ತಿದ್ದಾರೆ. ಮಕ್ಕಳ ಹೊಟ್ಟೆ ಮುಟ್ಟಿದರೆ ಜ್ವರಕ್ಕೆ ಉಬ್ಬಿದ ಗುಲ್ಮ ಕೈಗೆ ಸಿಗುತ್ತದೆ. ನಲವತ್ತೆರಡು ಜನರಿಗೆ ಕ್ವಿನೈನಿನ ಮಿಕ್ಶ್ಚರ್ ಹಾಕಿದೆ.

ಚೌಡಮ್ಮ ಎಂಬ ಮುದುಕಿ ಲೋಟ ಹಿಡಿದುಕೊಂಡು ಕೂತೇಬಿಟ್ಟಳು. "ಎಂತ ಸ್ವಾಮಿ, ಪುಡಿ ಆದ್ರೆ ಎಲೆಲಿ ಸುತ್ತಿ ನುಂಗ್ತಿದ್ದೆ. ಇದು ಗಂಟಲಲ್ಲಿ ಇಳೂದಿಲ್ಲ" ಎಂದಳು. ಇಳಿಯುತ್ತದೆ ಎಂದು ಗದರಿಸಿದೆ. ಬಾಯಿಗೆ ಹಾಕಿಕೊಂಡಳು. ನಾನು ಪಕ್ಕದವನ ಕಡೆ ತಿರುಗಿದ್ದೇ ತಡ, ಬೇಲಿಯ ಬುಡಕ್ಕೆ ಉಗಿದಳು. ಅಕಸ್ಮಾತ್ ಕಣ್ಣಿಗೆ ಬಿತ್ತು. ಎಲ್ಲರ ಮುಂದೆ ಬಯ್ದು, ಮತ್ತೊಂದು ಡೋಸು ಹಾಕಿ, ಅದು ಇಳಿಯುವವರೆಗೆ ಎದುರಿಗೇ ನಿಂತೆ.

ಇಂಥವರಿಗೆ ಮುಂದೆ ನಿಂತೇ ಕುಡಿಸಬೇಕು. ನಮ್ಮ ಮನೆಯಲ್ಲಿ ಒಂದು ಮಾತು ಸಾಕಾಗುತ್ತದೆ. ಶಾಂತಾಳಿಗೆ ಈ ಕಥೆ ಹೇಳಿದೆ, ನಗುತ್ತಾಳೆ ಎಂದುಕೊಂಡು. ಅವಳು ಒಲೆಯ ಬೂದಿ ತೆಗೆಯುತ್ತ, "ಪಾಪ" ಎಂದಷ್ಟೇ ಹೇಳಿದಳು.

೯ ಫೆಬ್ರವರಿ, ಭಾನುವಾರ

ಶಾಂತಾಳಿಗೆ ಜ್ವರ. ನಿನ್ನೆ ಮಧ್ಯಾಹ್ನ ಚಳಿ ಹಿಡಿಯಿತು. ಎರಡು ಕಂಬಳಿ, ಅದರ ಮೇಲೆ ನನ್ನ ಕೋಟು ಹಾಕಿದರೂ ಹಲ್ಲು ಕಟಕಟ ಎನ್ನುತ್ತಿತ್ತು.

ನನಗೆ ಸಿಟ್ಟು ಬಂದಿದೆ, ಯಾರ ಮೇಲೆ ಎಂದು ಸರಿಯಾಗಿ ತಿಳಿಯದು. ದಿನಾ ಐದು ಗ್ರೇನು ಹೊಟ್ಟೆಗೆ ಹೋಗುವವಳಿಗೆ ಇದು ಬರಬಾರದು. ಬಂದಿದೆ ಎಂದರೆ ಬೇರೆ ಎಲ್ಲೋ ಸಡಿಲವಾಗಿದೆ. ಬೆಳಗಿನ ಪ್ರಾರ್ಥನೆಯಲ್ಲಿ ತೂಕಡಿಸುತ್ತಾಳೆ. ತಣ್ಣೀರಿಗೆ ಬಿಸಿನೀರು ಬೆರೆಸಿಕೊಂಡದ್ದನ್ನು ಎರಡು ಸಲ ಕಂಡಿದ್ದೇನೆ.

ಡಾಕ್ಟರರು ಬಂದು ನೋಡಿದರು. "ಔಷಧಿ ನುಂಗ್ತಾರೋ ಇಲ್ಲೋ, ನೀವು ನೋಡಿದ್ದೀರಾ?" ಎಂದು ಕೇಳಿದರು. ಗೋಡೆಯ ತಖ್ತೆಯನ್ನು ತೋರಿಸಿದೆ. ಕನ್ನಡಕ ಏರಿಸಿ ಒಂದೊಂದೇ ಸಾಲು ನೋಡಿ, ಮಿಕ್ಶ್ಚರ್ ಬರೆದುಕೊಟ್ಟು ಹೋದರು.

೧೪ ಫೆಬ್ರವರಿ, ಶುಕ್ರವಾರ

ಮೂರು ದಿನ ನಾನೇ ಮಿಕ್ಶ್ಚರ್ ಕುಡಿಸಿದೆ. ಅರ್ಧ ಕಕ್ಕಿದಳು, ಅರ್ಧ ಉಳಿಯಿತು. ಜ್ವರ ಇಳಿದಿದೆ. ಇವತ್ತಿನಿಂದ ಪುನಃ ಪುಡಿ, ಪುನಃ ನೇಮ. ಉಪವಾಸ ಇಬ್ಬರದೂ ಆಯಿತು.

೨೯ ಫೆಬ್ರವರಿ, ಶನಿವಾರ

ಈ ವರ್ಷ ಒಂದು ದಿನ ಹೆಚ್ಚು ಸಿಕ್ಕಿದೆ, ಅದನ್ನೂ ವ್ಯರ್ಥ ಮಾಡಲಿಲ್ಲ. ದಂಡ ಅರವತ್ತು. ಬೆಳಗಿನ ಪ್ರಾರ್ಥನೆ ಮುಕ್ಕಾಲು ಗಂಟೆ ನಡೆಯುತ್ತದೆ. ಅದರಲ್ಲಿ ಶಾಂತಾಳ ದೋಷಗಳನ್ನು ಒಂದೊಂದಾಗಿ ಹೆಸರಿಸಿ ದೇವರ ಮುಂದಿಡುತ್ತೇನೆ. ಅವಳು ತಲೆಬಾಗಿ ಕೇಳುತ್ತಾಳೆ.

ಮನೆ ಈಗ ಶಾಂತವಾಗಿದೆ. ಹರಟೆಯಿಲ್ಲ, ಅಣಕವಿಲ್ಲ. ಹೇಳಿದ ಕೆಲಸ ಹೇಳಿದ ಹೊತ್ತಿಗೆ ಆಗುತ್ತದೆ. ಬಿಸ್ಮಿಲ್ಲಾ ಬಿಯ ಗೋಡೆಯ ಕಡೆಗೂ ಹೋಗುವುದು ಕಡಿಮೆ. ಎರಡು ತಿಂಗಳಲ್ಲಿ ಇಷ್ಟು ಬದಲಾವಣೆ ನಾನು ಎಣಿಸಿರಲಿಲ್ಲ. ದೇವರಿಗೆ ಸ್ತೋತ್ರ.

೬ ಮಾರ್ಚ್, ಶುಕ್ರವಾರ

ಬೆಳಿಗ್ಗೆ ಮತ್ತೆ ಮೈ ಬಿಸಿಯಿದೆ ಎಂದಳು. ಕೈಯಿಟ್ಟು ನೋಡಿದೆ, ಅಂಥದ್ದೇನಿರಲಿಲ್ಲ. ಮಧ್ಯಾಹ್ನ ಮನೆಗೆ ಬಂದಾಗ ಒಲೆಯ ಮೇಲೆ ಗಂಜಿ ಬೇಯುತ್ತಿತ್ತು.

"ಇವತ್ತೊಂದಿನ ಉಪವಾಸ ಬ್ಯಾಡ್ರಿ ನನಗ."

"ಯಾಕ?"

"ಸುಮ್ಮನ."

ಸುಮ್ಮನೆ ಎಂಬ ಕಾರಣಕ್ಕೆ ನೇಮ ಮುರಿಯುವುದಾದರೆ ನೇಮ ಯಾಕೆ ಬೇಕು ಎಂದೆ. ಗಂಜಿಯನ್ನು ಇಳಿಸಿ ಮುಚ್ಚಿಟ್ಟಳು. ದೀಪ ಹಚ್ಚಿದ ಮೇಲೆ ಬಡಿಸಿಕೊಂಡು ಎರಡು ತುತ್ತು ತಿಂದು ಬಿಟ್ಟಳು. ಹಟಕ್ಕೆ ಹಾಗೆ ಮಾಡಿದ್ದಾಳೆ.

೧೭ ಮಾರ್ಚ್, ಮಂಗಳವಾರ

ಮಗು ಹೋಯಿತು.

ಮಗು ಇತ್ತೆಂದು ನನಗೆ ಗೊತ್ತಿರಲಿಲ್ಲ.

೧೯ ಮಾರ್ಚ್, ಗುರುವಾರ

ಸೋಮವಾರ ಮಧ್ಯಾಹ್ನ ಜ್ವರ ಏರಿತ್ತು. ಮಂಗಳವಾರ ಬೆಳಿಗ್ಗೆ ನಾನು ದವಾಖಾನೆಯಲ್ಲಿ ಪಟ್ಟಿ ಸುತ್ತುತ್ತಿದ್ದಾಗ ಗನಿ ಓಡಿಬಂದ. ಮನೆಗೆ ಬರುವಷ್ಟರಲ್ಲಿ ಬಾಗಿಲು ಹಾಕಿತ್ತು. ಒಳಗೆ ಬಿಸ್ಮಿಲ್ಲಾ ಬಿ ಇದ್ದಳು. ಬಹಳ ಹೊತ್ತಾದ ಮೇಲೆ ಹೊರಗೆ ಬಂದು, ಕೈ ತೊಳೆದುಕೊಂಡು, "ಮೂರು ತಿಂಗಳು ತುಂಬಿತ್ತು. ನಿಮಗ ಹೇಳಿಲ್ಲೇನು ಅಕಿ?" ಎಂದು ಕೇಳಿದಳು. ಇಡೀ ತಾಲೂಕಿಗೆ ಔಷಧಿ ಹಂಚುವವನು ಇಲ್ಲ ಎಂದು ತಲೆಯಾಡಿಸಿದೆ.

ಡಾಕ್ಟರರು ಚಳಿಜ್ವರದಿಂದ ಹೀಗಾಗುವುದುಂಟು ಎಂದರು. ತಾಯಿಯ ಜೀವ ಇನ್ನೂ ದಡ ಮುಟ್ಟಿಲ್ಲ ಎಂದೂ ಹೇಳಿದರು.

೨೦ ಮಾರ್ಚ್, ಶುಕ್ರವಾರ

ಇದನ್ನು ಪೂರ್ತಿ ಬರೆಯುತ್ತೇನೆ.

ಬೆಳಿಗ್ಗೆ ಹತ್ತು ಗ್ರೇನು ನೀರಿನಲ್ಲಿ ಕದಡಿ ನಾನೇ ಕುಡಿಸಿದೆ. ಕಕ್ಕಿದಳು. ಪುನಃ ಕೊಟ್ಟೆ, ಪುನಃ ಕಕ್ಕಿದಳು. ಅವಳ ಕಣ್ಣು ಮೇಲೆ ಸಿಕ್ಕಿಕೊಂಡವು. ಅಲ್ಲೇ ಕೂತಿದ್ದ ಬಿಸ್ಮಿಲ್ಲಾ ಬಿ ನನ್ನ ಕೈಯಿಂದ ಪೊಟ್ಟಣ ಕಿತ್ತುಕೊಂಡಳು. ಸೆರಗಿನ ಗಂಟು ಬಿಚ್ಚಿ ಒಂದು ಎಲೆ ತೆಗೆದು, ಒರೆಸಿ, ಪುಡಿ ಸುರಿದು ಸಣ್ಣಗೆ ಮಡಚಿ ಶಾಂತಾಳ ನಾಲಿಗೆಯ ಹಿಂದಕ್ಕಿಟ್ಟು ನೀರು ಬಿಟ್ಟಳು. ಒಳಗೆ ಹೋಯಿತು. ಒಳಗೇ ಉಳಿಯಿತು. ಇಷ್ಟಾಗಲು ಒಂದು ನಿಮಿಷವೂ ಬೇಕಾಗಲಿಲ್ಲ.

ಸಂಜೆ ಬೆವರು ಬಂದು ಮೈ ತಣ್ಣಗಾದ ಮೇಲೆ ಶಾಂತಾ ತಾನಾಗಿ ಹೇಳಿದಳು. ಜನವರಿ ಒಂಬತ್ತರಿಂದ ಆ ಪುಡಿಯನ್ನು ಅವಳು ಬಾಯಿಗೇ ಇಟ್ಟಿರಲಿಲ್ಲ. ದಿನಾ ಪೊಟ್ಟಣ ಬಿಚ್ಚಿ ಒಲೆಯ ಬೂದಿಗೆ ಸುರಿಯುತ್ತಿದ್ದಳು.

"ಮತ್ತ ಹ್ಞೂಂ ಅಂತಿದ್ದೆಲ್ಲ?"

"ಇಲ್ಲ ಅಂದ್ರ ಬೆಳಿಗ್ಗೆ ಪ್ರಾರ್ಥನಾದಾಗ ನನ್ನ ಹೆಸರ ಹಿಡದು ಹೇಳತಿದ್ರಿ. ಬಿಸ್ಮಿಲ್ಲಾ ಬಿ ಮನಿತನಕ ಕೇಳಸ್ತಿತ್ತು."

"ಕೂಸಿನ ಮಾತಾದ್ರೂ ಹೇಳಬಾರದಾಗಿತ್ತ?"

ಅವಳು ಗೋಡೆಯ ಕಡೆ ಮುಖ ಮಾಡಿಕೊಂಡಳು. "ಹೇಳಿದ್ರ ಅದಕ್ಕೂ ಒಂದು ನೇಮ ಹಾಕತಿದ್ರಿ."

ಮೊದಲು ನನಗೆ ಬಂದದ್ದು ಸಿಟ್ಟು. ಅದನ್ನೂ ಬರೆಯಬೇಕು. ಅರವತ್ತಕ್ಕೂ ಮಿಕ್ಕಿ ಸುಳ್ಳು, ಪ್ರತಿಯೊಂದರ ಮೇಲೂ ನನ್ನ ಕೈಯ ಶಿಲುಬೆ. ಎದ್ದು ತಖ್ತೆಯ ಮುಂದೆ ನಿಂತು ಎಣಿಸಲು ಶುರುಮಾಡಿದೆ. ಫೆಬ್ರವರಿಗೆ ಬರುವಷ್ಟರಲ್ಲಿ ಇಡಗುಂದಿಯ ಮುದುಕಿಯ ನೆನಪಾಯಿತು. ಅವಳು ಉಗಿದದ್ದು ನನ್ನ ಕಣ್ಣಿಗೆ ಬಿದ್ದಿತ್ತು, ಅವಳ ಎದುರು ನಾನು ನಿಂತಿದ್ದೆ. ಇವಳ ಎದುರು ಒಂದು ದಿನ ನಿಂತಿದ್ದರೆ ನನ್ನ ಮಗು ಉಳಿಯುತ್ತಿತ್ತು. ಒಂದು ಎಲೆ ಮಡಚಿಕೊಳ್ಳಲು ಬಿಟ್ಟಿದ್ದರೂ ಉಳಿಯುತ್ತಿತ್ತು.

೨೯ ಮಾರ್ಚ್, ಭಾನುವಾರ

ಬದುಕಿದ್ದಾಳೆ. ಎದ್ದು ಕೂರುತ್ತಾಳೆ. ಬಿಸ್ಮಿಲ್ಲಾ ಬಿ ಗಂಜಿ ಕೊಟ್ಟು, ತಲೆ ಬಾಚಿ ಹೋಗುತ್ತಾಳೆ. ನನ್ನ ಕಡೆ ನೋಡುವುದಿಲ್ಲ, ನೋಡು ಎಂದು ಕೇಳಲು ನನಗೂ ಮುಖವಿಲ್ಲ.

ದಂಡ ಹಾಕಿ ಹನ್ನೆರಡು ದಿನವಾಯಿತು.

೫ ಏಪ್ರಿಲ್, ಭಾನುವಾರ

ಪಾದ್ರಿಗಳ ಕಾಗದ ಬಂದಿದೆ. ಮುಂದಿನ ಭಾನುವಾರ ಪುನರುತ್ಥಾನದ ಹಬ್ಬಕ್ಕೆ ಶಿರಸಿಯಲ್ಲಿ ಸಭೆ. ಜನವರಿಯಲ್ಲಿ ನಾನೇ ಜಂಬದಿಂದ ಅವರಿಗೆ ಈ ನೇಮಗಳ ವಿಷಯ ಬರೆದಿದ್ದೆ. ಕ್ರೈಸ್ತನ ಮನೆಯಲ್ಲಿ ದೇಹಕ್ಕೂ ಆತ್ಮಕ್ಕೂ ಒಳ್ಳೆಯ ಅಭ್ಯಾಸಗಳು ಎಂಬ ವಿಷಯವಾಗಿ ತಾವು ಕಾಲು ಗಂಟೆ ಮಾತಾಡಬೇಕು, ತಖ್ತೆಯನ್ನೂ ತರಬೇಕು ಎಂದಿದ್ದಾರೆ. ನಮಗಾದ ನಷ್ಟ ಯಾರಿಂದಲೋ ಕೇಳಿ ತಿಳಿಯಿತೆಂದೂ, ಅದು ದೇವರ ಚಿತ್ತವೆಂದೂ ಕೊನೆಗೆ ಎರಡು ಸಾಲು.

ದೇವರ ಚಿತ್ತವಲ್ಲ. ನನ್ನದು. ಹೋಗಿ ಹಾಗೆಂದೇ ಹೇಳುತ್ತೇನೆ.

೧೩ ಏಪ್ರಿಲ್, ಸೋಮವಾರ

ಗನಿಯ ಮೋಟಾರಿನಲ್ಲಿ ಹೋಗಿ ಬಂದೆವು. ಶಾಂತಾ ಇಷ್ಟು ಬೇಗ ಪ್ರಯಾಣ ಮಾಡಬಾರದಿತ್ತು, ಆದರೆ ತಾನೂ ಬರುತ್ತೇನೆ ಎಂದಳು.

ಶಿರಸಿಯ ಶಾಲಾ ಮಾಸ್ತರರೊಬ್ಬರ ಮನೆಯ ಪಡಸಾಲೆಯಲ್ಲಿ ನಲವತ್ತು ಜನ. ಶಿರಸಿಯವರು, ಸಿದ್ದಾಪುರದಿಂದ ಎರಡು ಸಂಸಾರ. ಪಾದ್ರಿಗಳು ನನ್ನ ತಖ್ತೆಯನ್ನು ತಾವೇ ಗೋಡೆಗೆ ಹಚ್ಚಿದರು. ನಾನು ಎದ್ದು ನಿಂತೆ. ಹೇಳಬೇಕಾದ ಮೊದಲ ವಾಕ್ಯ ಬಾಯಲ್ಲಿ ಸಿದ್ಧವಾಗಿತ್ತು. ಇದರಲ್ಲಿ ಅರ್ಧ ಸುಳ್ಳು, ಆ ಸುಳ್ಳು ನನ್ನಿಂದ ಹುಟ್ಟಿದ್ದು, ಅಷ್ಟೇ. ಎದುರಿಗೆ ಎಲ್ಲರೂ ಮರ್ಯಾದೆಯಿಂದ ಮುಖವೆತ್ತಿ ಕೂತಿದ್ದರು. ಹೆಂಗಸರ ಸಾಲಿನ ಕೊನೆಯಲ್ಲಿ ಶಾಂತಾ ಸೆರಗು ಹೊದ್ದು ನೆಲ ನೋಡುತ್ತಿದ್ದಳು. ನಾನು ಬಾಯಿ ತೆರೆದೆ. ಐದಕ್ಕೆ ಏಳುವುದರ ಪ್ರಯೋಜನ ಹೇಳಿದೆ. ತಣ್ಣೀರಿನ ಪ್ರಯೋಜನ ಹೇಳಿದೆ. ಕಹಿಯನ್ನು ಮುಖ ಕಿವುಚದೆ ಕುಡಿಯುವ ಬಗ್ಗೆ ಹೇಳಿದಾಗ ಪಾದ್ರಿಗಳು ತಲೆದೂಗಿದರು. ಕಾಲು ಗಂಟೆ ಎಂದದ್ದು ಅರ್ಧ ಗಂಟೆಯಾಯಿತು.

ಆಮೇಲೆ ಕರ್ತನ ಭೋಜನದ ರೊಟ್ಟಿಗೆ ಕೈಯನ್ನೂ ಒಡ್ಡಿದೆ. ಆ ಸುಳ್ಳು ಹೇಳಿದ ಬಾಯಿಗೇ ಅದನ್ನು ಹಾಕಿಕೊಂಡೆ.

ಐದು ಜನ ತಖ್ತೆಯನ್ನು ನಕಲು ಮಾಡಿಕೊಂಡರು. ಸಿದ್ದಾಪುರದ ಒಬ್ಬ ಹುಡುಗ, ಮದುವೆಯಾಗಿ ಆರು ತಿಂಗಳಾದವನು, ಹೆಂಡತಿಯನ್ನು ಕರೆದು ತೋರಿಸಿದ. ಅವಳು ತಖ್ತೆಯನ್ನೂ ಗಂಡನ ಮುಖವನ್ನೂ ನೋಡಿದಳು. ಊಟದ ಹೊತ್ತಿಗೆ ಶಾಂತಾ ಆ ಹುಡುಗಿಯ ಪಕ್ಕ ಹೋಗಿ ಕೂತು ಮೆಲ್ಲಗೆ ಏನೋ ಹೇಳುತ್ತಿದ್ದಳು. ದಾರಿಯಲ್ಲಿ ಏನೆಂದು ಕೇಳಿದೆ.

"ಔಷಧ ಗಂಟಲದಾಗ ಇಳೀದಿದ್ರ ಎಲಿಯೊಳಗ ಸುತ್ತಿ ನುಂಗು, ಗಂಡಗ ಹೇಳಬ್ಯಾಡ ಅಂದೆ."

ನಲವತ್ತು ಜನರ ನಡುವೆ ನಿಜ ಹೇಳಿದವಳು ಅವಳೊಬ್ಬಳೇ. ಅವಳಿಗೂ ಅದನ್ನು ಗುಟ್ಟಾಗಿ ಹೇಳಬೇಕಾಗಿ ಬಂತು.

೨೬ ಏಪ್ರಿಲ್, ಭಾನುವಾರ

ಶಿರಸಿಯಿಂದ ಬಂದ ಮರುದಿನವೇ ತಖ್ತೆಯನ್ನು ಒಲೆಗೆ ಹಾಕಿದೆ. ಶಾಂತಾ ನೋಡಿದಳು.

ಆದರೆ ಅಂದಿನಿಂದ ಒಂದು ನೇಮವೂ ತಪ್ಪಿಲ್ಲ. ನಾನು ಕಣ್ಣುಬಿಡುವ ಮೊದಲೇ ಎದ್ದಿರುತ್ತಾಳೆ. ಚಾಪೆ ಹಾಸಿ, ದೀಪ ಹಚ್ಚಿ, ಪ್ರಾರ್ಥನೆಗೆ ಕೂತಿರುತ್ತಾಳೆ. ಹಿತ್ತಲಲ್ಲಿ ಇಪ್ಪತ್ತು ಸುತ್ತು ಹಾಕುತ್ತಾಳೆ. ತಣ್ಣೀರು ಸುರಿದುಕೊಳ್ಳುವ ಸದ್ದು ಕೇಳುತ್ತದೆ. ಬೇಡ ಎಂದೆ, ಇನ್ನೂ ಶಕ್ತಿ ಬಂದಿಲ್ಲ ಎಂದೆ. "ಇರಲಿ ಬಿಡ್ರಿ" ಎನ್ನುತ್ತಾಳೆ.

ನಾನೇ ಪೇಟೆಯಿಂದ ಎಳೆಯ ಎಲೆ ತಂದು ಅವಳ ಮುಂದಿಟ್ಟೆ. "ಬ್ಯಾಡ್ರಿ, ಈಗ ರೂಢಿ ಆಗೇದ" ಎಂದು ಪುಡಿಯನ್ನು ಲೋಟದ ನೀರಿಗೆ ಸುರಿದಳು. ಬೆರಳಲ್ಲಿ ಕದಡಿ, ನನ್ನ ಎದುರಿಗೇ ನಿಂತು, ಒಂದೇ ಸಲಕ್ಕೆ ಕುಡಿದಳು. ಕಕ್ಕಲಿಲ್ಲ. ಮುಖ ಕಿವುಚಲಿಲ್ಲ. ಖಾಲಿ ಲೋಟವನ್ನು ನನಗೆ ತೋರಿಸಿ ಒಳಗೆ ಹೋದಳು. ಈಗ ದಿನವೂ ತೋರಿಸುತ್ತಾಳೆ.

ಬಿಸ್ಮಿಲ್ಲಾ ಬಿ ಇವತ್ತು ಗೋಡೆಯ ಮೇಲಿಂದ ಮಾತಾಡಿಸಿದಳು, ಒಂದು ತಿಂಗಳಾದ ಮೇಲೆ. "ಡಾಕ್ಟರ್ ಸಾಬರ ನಾಲಿಗಿ ಮಾಡಿ ತೋರ್ಸು ಅಂದೆ ಅಕಿಗೆ. ಅದು ಮರತುಹೋಗೇದ ಬಿಸ್ಮಿಲ್ಲಾ ಬಿ ಅಂದ್ಳು" ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು.

೩ ಮೇ, ಭಾನುವಾರ

ಮಾವನವರಿಗೆ ಕಾಗದ ಬರೆದೆ. ನಿಮ್ಮ ಮಗಳು ಕ್ಷೇಮ, ಜ್ವರ ಪೂರ್ತಿ ಬಿಟ್ಟಿದೆ, ಮುಖಕ್ಕೆ ರಕ್ತ ತುಂಬಿಕೊಂಡಿದೆ, ಈ ತಿಂಗಳ ಕೊನೆಗೆ ಕರೆತಂದು ತೋರಿಸುತ್ತೇನೆ ಎಂದು. ಒಂದಕ್ಷರವೂ ಸುಳ್ಳಲ್ಲ. ಮಡಚಿ ಲಕೋಟೆಗೆ ಹಾಕಲು ಮನಸ್ಸಾಗಲಿಲ್ಲ.

ಅಡುಗೆಮನೆಗೆ ಹೋದೆ. ಪಾತ್ರೆ ಒರೆಸಿಡುತ್ತಿದ್ದಳು. ಏನು ಹೇಳಬೇಕೆಂದು ಯೋಚಿಸಿಕೊಂಡು ಹೋಗಿರಲಿಲ್ಲ. "ಶಾಂತಾ, ನಂದು ತಪ್ಪಾತು" ಎಂದೆ. ಅದು ಅವಳಿಗೆ ಮೊದಲೇ ಗೊತ್ತಿದ್ದ ಸಂಗತಿಯಂತೆ ತಲೆಯಾಡಿಸಿದಳು. ಆ ಹೊತ್ತಿನಲ್ಲಿ ನನಗೆ ಅಳು ಬಂದಿತ್ತು, ಅದನ್ನು ಮುಚ್ಚಿಕೊಳ್ಳಲಿಲ್ಲ. "ಮೊದಲಿನ ಹಂಗ ಏನಾರ ಮಾತಾಡು. ಬಯ್ಯಿ ಬೇಕಾದ್ರ. ದಿನಾ ಒಂದೀಟು ಹೊತ್ತು ನನ್ನ ಕೂಡ ಕುಂತು ಮಾತಾಡು, ನಗು" ಎಂದು ಕೇಳಿಕೊಂಡೆ.

ಅವಳು ಪಾತ್ರೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನೆಟ್ಟಗೆ ನಿಂತಳು.

"ಆತ್ರಿ. ಎಷ್ಟು ಗಂಟೆಗೆ?"

ವ್ಯಂಗ್ಯ ಇದೆಯೇನೋ ಎಂದು ಅವಳ ಮುಖವನ್ನು ಬಹಳ ಹೊತ್ತು ನೋಡಿದೆ. ಇರಲಿಲ್ಲ. ಹೊತ್ತು ಹೇಳಿದ್ದರೆ ಆ ಹೊತ್ತಿಗೆ ಸರಿಯಾಗಿ ಬಂದು ಕೂತು ನಗುತ್ತಿದ್ದಳು.